ಸುದ್ದಿಯ ಬೇಲಿ ಕಿತ್ತವರ ಕಥೆ

ಪತ್ರಿಕೆಯಲ್ಲಿ ಸುದ್ದಿಯೊಂದನ್ನು ಓದಲು ತೊಡಗಿದರೆ ಊರಿನ ಹೆಸರು, ತಾರೀಖುಗಳ ಪಕ್ಕದಲ್ಲಿ ಪುಟ್ಟದೊಂದು ಹೆಸರು ಕಾಣಿಸುತ್ತದೆ. ಪಿಟಿಐ, ಎಪಿ, ಎಎಫ್‌ಪಿ, ರಾಯಿಟರ್ಸ್, ಹೀಗೆ. ಬಹುಪಾಲು ಓದುಗರ ಕಣ್ಣು ಅದರ ಮೇಲೆ ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಎಲ್ಲಿ ಏನಾಯಿತು ಎಂಬುದು ಮುಖ್ಯ. ಅದನ್ನು ಹೊತ್ತು ತಂದವರು ಯಾರು ಎಂದು ಕೇಳುವವರು ಕಡಿಮೆ.

ಆ ಪ್ರಶ್ನೆಯನ್ನೇ ಜೀವನದ ಬಹುಭಾಗ ಕೇಳುತ್ತಾ ಬಂದವರು ಕೆಂಟ್ ಕೂಪರ್. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ ಸುದ್ದಿ ಸಂಸ್ಥೆಗೆ 1925ರಿಂದ 1948ರವರೆಗೆ ಅವರು ಜನರಲ್ ಮ್ಯಾನೇಜರ್. ಒಂದು ದೇಶದ ಸುದ್ದಿಯನ್ನು ಜಗತ್ತಿಗೆ ಹೇಳುವ ಹಕ್ಕು ಯಾರದು ಎಂದು ಕೇಳಿ ಅವರು ಯುರೋಪಿನ ಬಲಾಢ್ಯ ಸುದ್ದಿ ಕೂಟವನ್ನು ಒಡೆದರು. ಆದರೆ ಅದೇ ಪ್ರಶ್ನೆ ತಿರುಗಿ ಅವರ ಸಂಸ್ಥೆಯ ಬಾಗಿಲನ್ನೂ ತಟ್ಟಿತು. ಆಗ ಅವರ ಉತ್ತರ ಅಷ್ಟು ಸ್ಪಷ್ಟವಾಗಿರಲಿಲ್ಲ. ಕೂಪರ್ ಅವರ ಬದುಕು ಇಂದಿಗೂ ಓದತಕ್ಕದ್ದಾಗಿರುವುದು ಈ ಎರಡೂ ಕಾರಣಗಳಿಂದ.

ಭೂಮಂಡಲದ ಪಾಲುಪಟ್ಟಿ

ಸುದ್ದಿಯನ್ನು ಸಗಟಾಗಿ ಸಂಗ್ರಹಿಸಿ ಪತ್ರಿಕೆಗಳಿಗೆ ಮಾರುವ ಕಸುಬನ್ನು 1835ರಲ್ಲಿ ಪ್ಯಾರಿಸ್‌ನಲ್ಲಿ ಆರಂಭಿಸಿದವರು ಚಾರ್ಲ್ಸ್ ಹವಾಸ್. ಅವರ ಬಳಿ ಕೆಲಸ ಕಲಿತ ಇಬ್ಬರು ಜರ್ಮನರು ಮುಂದೆ ತಮ್ಮದೇ ಅಂಗಡಿ ತೆರೆದರು. ಬರ್ನ್‌ಹಾರ್ಡ್ ವುಲ್ಫ್ 1849ರಲ್ಲಿ ಬರ್ಲಿನ್‌ನಲ್ಲಿ, ಜೂಲಿಯಸ್ ರಾಯಿಟರ್ 1851ರಲ್ಲಿ ಲಂಡನ್‌ನಲ್ಲಿ. ಮೂವರೂ ಪರಸ್ಪರ ಪೈಪೋಟಿ ನಡೆಸಿದರೆ ತಂತಿಯ ಖರ್ಚಿನಲ್ಲಿ ಮೂವರೂ ಮುಳುಗುವುದು ಖಂಡಿತವಿತ್ತು. ಆದ್ದರಿಂದ ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಂತೆ 1870ರಲ್ಲಿ ಒಂದು ಕರಾರು ಮಾಡಿಕೊಂಡು ಭೂಮಿಯನ್ನೇ ಪಾಲು ಮಾಡಿಕೊಂಡರು.

ಬ್ರಿಟಿಷ್ ಸಾಮ್ರಾಜ್ಯ ಮತ್ತು ಪೂರ್ವ ದೇಶಗಳು ರಾಯಿಟರ್ ಪಾಲಿಗೆ ಬಂದವು. ಫ್ರಾನ್ಸ್, ಇಟಲಿ, ಸ್ಪೇನ್, ಪೋರ್ಚುಗಲ್, ಮುಂದೆ ದಕ್ಷಿಣ ಅಮೆರಿಕ ಹವಾಸ್‌ಗೆ ಸೇರಿದವು. ಜರ್ಮನಿ, ಸ್ಕ್ಯಾಂಡಿನೇವಿಯ, ರಷ್ಯದ ಕಡೆಯ ಪ್ರದೇಶಗಳು ವುಲ್ಫ್‌ಗೆ. ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಸುದ್ದಿ ಮಾರುವಂತಿರಲಿಲ್ಲ. ತಮ್ಮ ತಮ್ಮ ಸೀಮೆಯ ಸುದ್ದಿಯನ್ನು ಮೂವರೂ ವಿನಿಮಯ ಮಾಡಿಕೊಳ್ಳುತ್ತಿದ್ದರು. ರಾಯಿಟರ್ ಸಂಸ್ಥೆ 1866ರಲ್ಲೇ ಮುಂಬಯಿಯಲ್ಲಿ ಕಚೇರಿ ತೆರೆದಿತ್ತು. ಹಾಗಾಗಿ ಭಾರತದ ಸುದ್ದಿ ಜಗತ್ತಿಗೆ ಹೋಗುವುದೂ, ಜಗತ್ತಿನ ಸುದ್ದಿ ಭಾರತಕ್ಕೆ ಬರುವುದೂ ಲಂಡನ್ನಿನ ಹೊಸ್ತಿಲು ದಾಟಿಯೇ.

1893ರಲ್ಲಿ ಎಪಿ ಕೂಡ ಈ ಕೂಟದೊಂದಿಗೆ ಕರಾರು ಮಾಡಿಕೊಂಡಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಮೆಲ್ವಿಲ್ ಸ್ಟೋನ್. ಅಮೆರಿಕದ ಪತ್ರಿಕೆಗಳಿಗೆ ವಿದೇಶದ ಸುದ್ದಿ ಬೇಕಿತ್ತು. ಊರೂರಿಗೆ ವರದಿಗಾರರನ್ನು ಕಳಿಸುವ ಶಕ್ತಿ ಎಪಿಗೆ ಇರಲಿಲ್ಲ. ಸುದ್ದಿ ಸಿಕ್ಕಿತು, ಆದರೆ ಅದಕ್ಕೆ ತೆತ್ತ ಬೆಲೆ ಎರಡು ಬಗೆಯದು. ವಿನಿಮಯದ ಮೇಲೆ ಹಣವನ್ನೂ ಕೊಡಬೇಕಿತ್ತು. ಜೊತೆಗೆ ತನ್ನ ಸುದ್ದಿಯನ್ನು ತನ್ನ ಸೀಮೆಯ ಹೊರಗೆ ಎಪಿ ಮಾರುವಂತಿರಲಿಲ್ಲ. ಅಮೆರಿಕದಲ್ಲಿ ಏನು ನಡೆಯಿತೆಂದು ಜಪಾನಿನವರಿಗೆ ಹೇಳುವವರು ಇಂಗ್ಲಿಷರು, ಅರ್ಜೆಂಟೀನದವರಿಗೆ ಹೇಳುವವರು ಫ್ರೆಂಚರು ಎಂಬಂತಾಯಿತು.

ತಂತಿ ವಿಭಾಗದಿಂದ ಮೇಲಕ್ಕೆ

ಕೆಂಟ್ ಕೂಪರ್ ಹುಟ್ಟಿದ್ದು 1880ರ ಮಾರ್ಚ್ 22ರಂದು, ಇಂಡಿಯಾನ ರಾಜ್ಯದ ಕೊಲಂಬಸ್ ಎಂಬ ಊರಿನಲ್ಲಿ. ತಂದೆ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದವರು. ಅವರು ತೀರಿಕೊಂಡಾಗ ಮಗ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟು ಇಂಡಿಯಾನಾಪೊಲಿಸ್ ನಗರದ ಪತ್ರಿಕೆಯೊಂದರಲ್ಲಿ ವರದಿಗಾರನ ಕೆಲಸಕ್ಕೆ ಸೇರಿದರು. ಅಲ್ಲಿಂದ ಎಪಿಯ ಪ್ರತಿಸ್ಪರ್ಧಿ ಸಂಸ್ಥೆಗೆ ಹೋದರು. ಆ ಸಂಸ್ಥೆ ಮುಂದೆ ಯುನೈಟೆಡ್ ಪ್ರೆಸ್ ಎಂಬ ಹೆಸರಿನಲ್ಲಿ ಬೆಳೆಯಿತು.

ಅಲ್ಲಿದ್ದಾಗ ಅವರಿಗೊಂದು ಸರಳ ಉಪಾಯ ಹೊಳೆಯಿತು. ಸಣ್ಣ ಊರುಗಳ ಪತ್ರಿಕೆಗಳಿಗೆ ಇಡೀ ದಿನದ ತಂತಿ ಸೇವೆಯ ವೆಚ್ಚ ಭರಿಸಲು ಆಗುತ್ತಿರಲಿಲ್ಲ. ಹಲವು ಊರುಗಳ ದೂರವಾಣಿಗಳನ್ನು ಒಂದೇ ಕರೆಯಲ್ಲಿ ಜೋಡಿಸಿ, ದಿನದ ಮುಖ್ಯ ಸುದ್ದಿಯನ್ನು ಒಬ್ಬ ಗಟ್ಟಿಯಾಗಿ ಓದಿದರೆ ಎಲ್ಲರೂ ಒಟ್ಟಿಗೆ ಬರೆದುಕೊಳ್ಳಬಹುದಲ್ಲ? ಖರ್ಚು ಇಳಿಯಿತು, ಸಣ್ಣ ಪತ್ರಿಕೆಗಳೂ ಗಿರಾಕಿಗಳಾದವು. 1910ರಲ್ಲಿ ಈ ತರುಣನನ್ನು ಮೆಲ್ವಿಲ್ ಸ್ಟೋನ್ ಎಪಿಗೆ ಸೇರಿಸಿಕೊಂಡರು. ಕೆಲಸ ಸುದ್ದಿ ಬರೆಯುವುದಲ್ಲ, ಸುದ್ದಿ ಸಾಗುವ ತಂತಿಗಳ ಮೇಲ್ವಿಚಾರಣೆ. ಎರಡು ವರ್ಷಗಳಲ್ಲಿ ಅವರು ಆ ವಿಭಾಗದ ಮುಖ್ಯಸ್ಥರಾದರು.

ಎಪಿಯ ರಚನೆ ಬೇರೆ ಕಂಪನಿಗಳಂತಲ್ಲ. ಅದಕ್ಕೆ ಲಾಭದ ಉದ್ದೇಶವಿಲ್ಲ. ಸದಸ್ಯ ಪತ್ರಿಕೆಗಳೇ ಅದರ ಒಡೆಯರು. ಪ್ರತಿ ಪತ್ರಿಕೆಯೂ ತನ್ನ ಊರಿನ ಸುದ್ದಿಯನ್ನು ಸಂಸ್ಥೆಗೆ ಕೊಡಬೇಕು, ಎಲ್ಲರ ಸುದ್ದಿಯನ್ನೂ ಪಡೆಯಬೇಕು, ಖರ್ಚನ್ನು ಪಾಲಿನ ಪ್ರಕಾರ ಹಂಚಿಕೊಳ್ಳಬೇಕು. ನಮ್ಮ ಹಾಲಿನ ಸಹಕಾರ ಸಂಘಗಳನ್ನು ಬಲ್ಲವರಿಗೆ ಈ ಪದ್ಧತಿ ಹೊಸದೇನಲ್ಲ. ಇಂಥ ಸಂಸ್ಥೆಯಲ್ಲಿ ತಂತಿಯ ಖರ್ಚು ಉಳಿಸಬಲ್ಲವನಿಗೆ ಬಲು ಬೆಲೆ. ಮೋರ್ಸ್ ಸಂಕೇತವನ್ನು ಕಿವಿಯಿಂದ ಕೇಳಿ ಬರೆದುಕೊಳ್ಳುವ ಸಿಬ್ಬಂದಿಯ ಜಾಗಕ್ಕೆ, ನೇರವಾಗಿ ಅಕ್ಷರಗಳನ್ನೇ ಮುದ್ರಿಸುವ ಟೆಲಿಪ್ರಿಂಟರ್ ಯಂತ್ರಗಳು 1914ರ ಸುಮಾರಿಗೆ ಎಪಿಗೆ ಬರತೊಡಗಿದವು. ಮಿನಿಟಿಗೆ 60 ಪದಗಳ ವೇಗದ ಆ ಯಂತ್ರಗಳ ಟಕಟಕ ಸದ್ದು ಮುಂದೆ ಹಲವು ದಶಕಗಳ ಕಾಲ ಜಗತ್ತಿನ ಎಲ್ಲ ಪತ್ರಿಕಾ ಕಚೇರಿಗಳ ಸದ್ದಾಯಿತು.

ಉತ್ತರ ಬಾರದ ತಂತಿ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅರ್ಜೆಂಟೀನದ ರಾಜಧಾನಿ ಬ್ಯೂನಸ್ ಐರಿಸ್‌ನ ‘ಲಾ ನಾಸಿಯೋನ್’ ಪತ್ರಿಕೆಗೆ ಒಂದು ತೊಡಕು ಎದುರಾಯಿತು. ಅಲ್ಲಿಗೆ ಸುದ್ದಿ ಕೊಡುತ್ತಿದ್ದುದು ಫ್ರೆಂಚ್ ಹವಾಸ್ ಸಂಸ್ಥೆ. ಶತ್ರುವಾದ ಜರ್ಮನಿಯ ಯುದ್ಧ ಪ್ರಕಟಣೆಗಳನ್ನು ಅದು ಕಳಿಸುತ್ತಿರಲಿಲ್ಲ. ಎರಡೂ ಕಡೆಯ ಮಾತು ಓದುಗರಿಗೆ ತಿಳಿಯಲೆಂದು ಪತ್ರಿಕೆಯವರು ಎಪಿಗೆ ತಂತಿ ಕಳಿಸಿ, ಸುದ್ದಿ ಕೊಡುವಿರಾ ಎಂದು ಕೇಳಿದರು. ತಂತಿಗೆ ಉತ್ತರವೇ ಹೋಗಲಿಲ್ಲ.

ಇದು ಕೂಪರ್ ಗಮನಕ್ಕೆ ಬಂದು ವಿಚಾರಿಸಿದಾಗ ಅವರಿಗೆ ಕೂಟದ ಕರಾರಿನ ನಿಜರೂಪ ತಿಳಿಯಿತು. ದಕ್ಷಿಣ ಅಮೆರಿಕ ಹವಾಸ್‌ನ ಜಮೀನು. ಅಲ್ಲಿ ಎಪಿ ಕಾಲಿಡುವಂತಿಲ್ಲ. ಕರಾರಿನ ಕಟ್ಟಿಲ್ಲದ ಯುನೈಟೆಡ್ ಪ್ರೆಸ್ ಮಾತ್ರ ಅಲ್ಲಿ ನಿರಾತಂಕವಾಗಿ ವ್ಯಾಪಾರ ಬೆಳೆಸುತ್ತಿತ್ತು. 1918ರಲ್ಲಿ ಹವಾಸ್‌ನ ಒಪ್ಪಿಗೆ ಪಡೆದು ಕೂಪರ್ ದಕ್ಷಿಣ ಅಮೆರಿಕಕ್ಕೆ ಹೋಗಿ ಅಲ್ಲಿನ ಪತ್ರಿಕೆಗಳನ್ನು ಎಪಿಗೆ ಸೇರಿಸಿಕೊಂಡು ಬಂದರು. ಬೇಲಿಯಲ್ಲಿ ಬಿದ್ದ ಮೊದಲ ಕಂಡಿ ಅದು.

ಅವರ ಕೋಪಕ್ಕೆ ವ್ಯಾಪಾರವೊಂದೇ ಕಾರಣವಲ್ಲ. ಕೂಟದ ಸಂಸ್ಥೆಗಳು ಅಮೆರಿಕದ ಬಗ್ಗೆ ಹೊರಗೆ ಕಳಿಸುತ್ತಿದ್ದ ಸುದ್ದಿ ಎಂಥದು? ಪಶ್ಚಿಮದಲ್ಲಿ ಆದಿವಾಸಿಗಳ ದಂಗೆ, ದಕ್ಷಿಣದಲ್ಲಿ ಕರಿಯರ ಮೇಲೆ ಗುಂಪು ಹಲ್ಲೆ, ಉತ್ತರದಲ್ಲಿ ವಿಚಿತ್ರ ಅಪರಾಧಗಳು. ಒಂದು ದೇಶಕ್ಕೆ ಗೌರವ ತರುವ ಯಾವುದೂ ಅದರಲ್ಲಿ ಇರುತ್ತಿರಲಿಲ್ಲ ಎಂಬುದು ಕೂಪರ್ ಅವರ ದೂರು. ಇವು ಸುಳ್ಳು ಸುದ್ದಿಗಳೇನಲ್ಲ. ಗುಂಪು ಹಲ್ಲೆಗಳು ನಿಜವಾಗಿಯೂ ನಡೆಯುತ್ತಿದ್ದವು. ಆದರೆ ಆಯ್ಕೆ ಮಾಡುವವನು ಪರಕೀಯನಾದಾಗ ನಿಜಗಳನ್ನೇ ಪೋಣಿಸಿದರೂ ಚಿತ್ರ ವಕ್ರವಾಗುತ್ತದೆ ಎಂಬುದು ಅವರ ವಾದವಾಗಿತ್ತು. ಬರ, ನೆರೆ, ಹಾವಾಡಿಗರ ನಾಡೆಂದು ಪಾಶ್ಚಾತ್ಯ ಪತ್ರಿಕೆಗಳಲ್ಲಿ ಚಿತ್ರಿತವಾದ ಭಾರತದವರಿಗೆ ಈ ದೂರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೋಕಿಯೊದಲ್ಲಿ ಬಿದ್ದ ಸಹಿ

1925ರಲ್ಲಿ ಕೂಪರ್ ಜನರಲ್ ಮ್ಯಾನೇಜರ್ ಆದರು. ಅವರ ಎದುರಾಳಿ ರಾಯಿಟರ್ ಸಂಸ್ಥೆಯ ಮುಖ್ಯಸ್ಥ ಸರ್ ರೋಡರಿಕ್ ಜೋನ್ಸ್. ದಕ್ಷಿಣ ಆಫ್ರಿಕದಲ್ಲಿ ವರದಿಗಾರರಾಗಿ ಹೆಸರು ಮಾಡಿ, ಮೊದಲ ಮಹಾಯುದ್ಧದ ಕಾಲದಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದವರು. ಸಾಮ್ರಾಜ್ಯದ ಹಿರಿಮೆಯೂ ರಾಯಿಟರ್‌ನ ಹಿರಿಮೆಯೂ ಒಂದೇ ಎಂದು ನಂಬಿದ್ದ ಮನುಷ್ಯ. ಜಪಾನು ಪೂರ್ವದಲ್ಲಿರುವುದರಿಂದ ಅದು ರಾಯಿಟರ್‌ನ ಸೀಮೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಜಪಾನೀಯರಿಗೆ ಇತ್ತು. ಅಲ್ಲಿನ ಪತ್ರಿಕೆಗಳು 1926ರಲ್ಲಿ ರೆಂಗೊ ಎಂಬ ಸುದ್ದಿ ಸಂಸ್ಥೆ ಕಟ್ಟಿಕೊಂಡಿದ್ದವು. ಅದರ ನಾಯಕ ಯುಕಿಚಿ ಇವಾನಾಗ ಅವರಿಗೆ ಎಪಿಯ ಸಹಕಾರಿ ಪದ್ಧತಿಯೇ ಮಾದರಿ. ತಮ್ಮ ದೇಶದ ಸುದ್ದಿ ಲಂಡನ್ನಿನ ಕೈಯಿಂದ ಸೋಸಿ ಹೊರಗೆ ಹೋಗುವುದು ಅವರಿಗೆ ಬೇಡವಾಗಿತ್ತು. ಇಬ್ಬರ ದೂರೂ ಒಂದೇ ಆದುದರಿಂದ ಸ್ನೇಹ ಬೆಳೆಯಿತು. 1933ರಲ್ಲಿ ಕೂಪರ್ ಟೋಕಿಯೊಗೆ ಹೋಗಿ ರೆಂಗೊ ಸಂಸ್ಥೆಯೊಡನೆ ನೇರ ಒಪ್ಪಂದಕ್ಕೆ ಸಹಿ ಹಾಕಿದರು.

ಜೋನ್ಸ್ ಕೆರಳಿ, ಎಪಿಯೊಂದಿಗಿನ ಕರಾರನ್ನೇ ಮುಗಿಸುವುದಾಗಿ ನೋಟಿಸು ಕೊಟ್ಟರು. ಎಪಿ ಹೆದರಿ ಕ್ಷಮೆ ಕೇಳೀತು ಎಂಬುದು ಅವರ ಲೆಕ್ಕ. ಆದರೆ ಕಾಲ ಬದಲಾಗಿತ್ತು. 1893ರಲ್ಲಿ ಎಪಿಗೆ ರಾಯಿಟರ್ ಬೇಕಿತ್ತು. 1933ರ ಹೊತ್ತಿಗೆ ಜಗತ್ತಿನ ದೊಡ್ಡ ಸುದ್ದಿಗಳಲ್ಲಿ ಬಹಳಷ್ಟು ಅಮೆರಿಕದಲ್ಲೇ ಹುಟ್ಟುತ್ತಿದ್ದವು, ಎಪಿಗೆ ವಿದೇಶಗಳಲ್ಲಿ ತನ್ನದೇ ವರದಿಗಾರರಿದ್ದರು. ಕೊನೆಗೆ ಜೋನ್ಸ್ ಅವರೇ ನ್ಯೂಯಾರ್ಕ್‌ಗೆ ಬರಬೇಕಾಯಿತು. 1934ರ ಫೆಬ್ರುವರಿಯಲ್ಲಿ ಆದ ಹೊಸ ಒಪ್ಪಂದದ ಪ್ರಕಾರ ಯಾರು ಎಲ್ಲಿ ಬೇಕಾದರೂ ಸುದ್ದಿ ಸಂಗ್ರಹಿಸಬಹುದು, ಮಾರಬಹುದು. 64 ವರ್ಷಗಳ ಪಾಲುಪಟ್ಟಿ ಹರಿದುಹೋಯಿತು.

ಕೂಟದ ಮೂವರ ಗತಿ ಏನಾಯಿತು? ವುಲ್ಫ್ ಸಂಸ್ಥೆಯನ್ನು ನಾಜಿ ಸರ್ಕಾರ ತನ್ನ ಪ್ರಚಾರ ಯಂತ್ರದೊಳಗೆ ಕರಗಿಸಿಕೊಂಡಿತು. ಹವಾಸ್‌ನ ಸುದ್ದಿ ವಿಭಾಗ 1940ರಲ್ಲಿ ಫ್ರಾನ್ಸ್ ಸೋತಾಗ ಸರ್ಕಾರದ ವಶವಾಯಿತು. ಅದರ ಜಾಗದಲ್ಲಿ 1944ರಲ್ಲಿ ಎಎಫ್‌ಪಿ ಹುಟ್ಟಿತು. ಜೋನ್ಸ್ 1941ರಲ್ಲಿ ರಾಜೀನಾಮೆ ಕೊಟ್ಟರು. ಅದೇ ವರ್ಷ ರಾಯಿಟರ್ ಬ್ರಿಟನ್ನಿನ ಪತ್ರಿಕೆಗಳ ಒಡೆತನದ ಟ್ರಸ್ಟ್ ಆಗಿ ಮಾರ್ಪಟ್ಟಿತು. ಗೆದ್ದ ಕೂಪರ್ 1942ರಲ್ಲಿ ಈ ಹೋರಾಟವನ್ನೆಲ್ಲ ‘ಬ್ಯಾರಿಯರ್ಸ್ ಡೌನ್’ ಎಂಬ ಪುಸ್ತಕದಲ್ಲಿ ಬರೆದರು. ಬೇಲಿಗಳು ಬಿದ್ದವು ಎಂದು ಆ ಹೆಸರಿನ ಅರ್ಥ. ಆದರೆ ಅವರು ಮೆಚ್ಚಿದ್ದ ರೆಂಗೊ ಅಷ್ಟರಲ್ಲಿ ಇರಲಿಲ್ಲ. 1936ರಲ್ಲೇ ಅದು ದೋಮೈ ಎಂಬ ಸಂಸ್ಥೆಯಾಗಿ, ಜಪಾನ್ ಸರ್ಕಾರದ ಮುಖವಾಣಿಯಾಗಿತ್ತು. ಹೊರಗಿನವರ ಹಿಡಿತ ತಪ್ಪಿದ ಮಾತ್ರಕ್ಕೆ ಸುದ್ದಿ ಸ್ವತಂತ್ರವಾಗುವುದಿಲ್ಲ ಎಂಬ ಮೊದಲ ಪಾಠ ಅದು.

ಚಿತ್ರಕ್ಕೂ ತಂತಿ

ತಂತಿ ವಿಭಾಗದಲ್ಲಿ ಬೆಳೆದ ಕೂಪರ್ ಅವರ ಇನ್ನೊಂದು ಸಾಹಸ ಛಾಯಾಚಿತ್ರಕ್ಕೆ ಸಂಬಂಧಿಸಿದ್ದು. ಸುದ್ದಿ ನಿಮಿಷಗಳಲ್ಲಿ ತಲುಪಿದರೂ ಚಿತ್ರ ರೈಲಿನಲ್ಲೋ ವಿಮಾನದಲ್ಲೋ ಬರಬೇಕಿತ್ತು. ಚಿತ್ರವನ್ನು ಬೆಳಕಿನ ಏರಿಳಿತಗಳಾಗಿ ಒಡೆದು, ವಿದ್ಯುತ್ ಸಂಕೇತವಾಗಿ ತಂತಿಯಲ್ಲಿ ಕಳಿಸುವ ಯಂತ್ರ ಸಿದ್ಧವಾಗಿತ್ತು. ಖರ್ಚು ಮಾತ್ರ ಎದೆ ನಡುಗಿಸುವಂಥದು. ಅದು ಆರ್ಥಿಕ ಮಹಾಕುಸಿತದ ಕಾಲ. 1934ರ ವಾರ್ಷಿಕ ಸಭೆಯಲ್ಲಿ ದೊಡ್ಡ ಪತ್ರಿಕಾ ಒಡೆಯರೇ ವಿರೋಧಿಸಿದರು. ಕೂಪರ್ ಪಟ್ಟು ಬಿಡಲಿಲ್ಲ. 1935ರ ಜನವರಿ 1ರಂದು ನ್ಯೂಯಾರ್ಕ್ ರಾಜ್ಯದ ಬೆಟ್ಟಗಾಡಿನಲ್ಲಿ ಬಿದ್ದ ವಿಮಾನವೊಂದರ ಚಿತ್ರ ತಂತಿಯ ಮೂಲಕ 47 ಪತ್ರಿಕೆಗಳನ್ನು ಒಮ್ಮೆಗೇ ತಲುಪಿತು. ಇಂದು ಜೇಬಿನ ಫೋನಿನಿಂದ ಚಿತ್ರ ಕಳಿಸುವವರಿಗೆ ಇದು ಸಣ್ಣ ಸಂಗತಿ. ಆದರೆ ದಿನಪತ್ರಿಕೆಯ ಮುಖಪುಟದಲ್ಲಿ ದೂರದ ಊರಿನ ಇಂದಿನ ಚಿತ್ರ ಇರಲೇಬೇಕು ಎಂಬ ಪದ್ಧತಿ ನೆಲೆಯೂರಿದ್ದು ಅಲ್ಲಿಂದ ಮುಂದೆ.

ಮನೆಯೊಳಗಿನ ಬೇಲಿ

ಹೊರಗಿನ ಬೇಲಿ ಕಿತ್ತ ಎಪಿ ತನ್ನ ಅಂಗಳದಲ್ಲಿ ಮಾತ್ರ ಗಟ್ಟಿ ಬೇಲಿಯನ್ನೇ ಇಟ್ಟುಕೊಂಡಿತ್ತು. ಒಂದು ಊರಿನಲ್ಲಿ ಈಗಾಗಲೇ ಎಪಿ ಸದಸ್ಯ ಪತ್ರಿಕೆ ಇದ್ದರೆ, ಅದರ ಪ್ರತಿಸ್ಪರ್ಧಿ ಸದಸ್ಯತ್ವ ಪಡೆಯುವುದನ್ನು ಆ ಪತ್ರಿಕೆ ಹೆಚ್ಚುಕಡಿಮೆ ತಡೆಯಬಹುದಿತ್ತು. ಹಳೆಯ ಸದಸ್ಯರಿಗೆ ಸದಸ್ಯತ್ವವೇ ದೊಡ್ಡ ಆಸ್ತಿ.

1941ರ ಡಿಸೆಂಬರ್‌ನಲ್ಲಿ ಶಿಕಾಗೊದಲ್ಲಿ ಮಾರ್ಷಲ್ ಫೀಲ್ಡ್ ಎಂಬ ಶ್ರೀಮಂತ ‘ಶಿಕಾಗೊ ಸನ್’ ಪತ್ರಿಕೆ ಆರಂಭಿಸಿದಾಗ ಈ ಕಟ್ಟಳೆ ಬಯಲಿಗೆ ಬಂತು. ಅಲ್ಲಿ ಬೇರೂರಿದ್ದ ‘ಶಿಕಾಗೊ ಟ್ರಿಬ್ಯೂನ್’ ಅಧ್ಯಕ್ಷ ರೂಸ್‌ವೆಲ್ಟ್ ಅವರ ಕಡುವಿರೋಧಿ. ಹೊಸ ಪತ್ರಿಕೆ ಅವರ ಬೆಂಬಲಿಗ. ಟ್ರಿಬ್ಯೂನ್ ಅಡ್ಡ ಬಂತು. 1942ರಲ್ಲಿ ಎಪಿ ನಿಯಮ ಸಡಿಲಿಸಿದಂತೆ ತೋರಿದರೂ, ಪೈಪೋಟಿಯ ಪತ್ರಿಕೆ ಸೇರಬೇಕಾದರೆ ಆ ಊರಿನಿಂದ 1900ರಿಂದೀಚೆಗೆ ಸಂಸ್ಥೆಗೆ ಸಂದ ವಂತಿಗೆಯ ಶೇಕಡ 10ರಷ್ಟು ಹಣ ಕಟ್ಟಬೇಕು, ಸದಸ್ಯರ ಬಹುಮತವೂ ಬೇಕು ಎಂದಿತು. ಸನ್ ಅರ್ಜಿ ಬಿದ್ದುಹೋಯಿತು.

ಆ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಎಪಿಯ ಮೇಲೆ ಮೊಕದ್ದಮೆ ಹೂಡಿತು. ಸರ್ಕಾರ ಪತ್ರಿಕಾ ಸ್ವಾತಂತ್ರ್ಯಕ್ಕೆ ಕೈ ಹಾಕುತ್ತಿದೆ ಎಂಬುದು ಎಪಿಯ ವಾದ. ನಮ್ಮ ಹಣದಿಂದ ನಾವು ಕಟ್ಟಿದ ಸಂಸ್ಥೆಗೆ ಯಾರನ್ನು ಸೇರಿಸಬೇಕೆಂದು ನಿರ್ಧರಿಸುವ ಹಕ್ಕು ನಮ್ಮದು ಎಂಬುದು ಅದರ ನಿಲುವು. ಜೋನ್ಸ್ ರಾಯಿಟರ್ ಪರವಾಗಿ ಹೇಳುತ್ತಿದ್ದ ಮಾತಿಗೂ ಇದಕ್ಕೂ ಅಂತರ ಬಹಳ ಇರಲಿಲ್ಲ. 1945ರ ಜೂನ್ 18ರಂದು ಸುಪ್ರೀಂ ಕೋರ್ಟು ಎಪಿ ವಿರುದ್ಧ ತೀರ್ಪು ಕೊಟ್ಟಿತು. ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಬಾರದು ಎಂಬ ಸಂವಿಧಾನದ ಮಾತು, ಖಾಸಗಿಯವರು ಸೇರಿಕೊಂಡು ಇತರರ ಬಾಯಿ ಕಟ್ಟಲು ಪರವಾನಗಿ ಅಲ್ಲ ಎಂಬುದು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಬರೆದ ತೀರ್ಪಿನ ಸಾರ. ಎಪಿ ತನ್ನ ನಿಯಮಗಳನ್ನು ತಿದ್ದಬೇಕಾಯಿತು.

ರೀಮ್ಸ್‌ನ ಗುಟ್ಟು

ಆ ತೀರ್ಪಿಗೆ ಆರು ವಾರ ಮೊದಲು ಇನ್ನೊಂದು ಪರೀಕ್ಷೆ ನಡೆದಿತ್ತು. 1945ರ ಮೇ 7ರ ನಸುಕಿನಲ್ಲಿ ಫ್ರಾನ್ಸಿನ ರೀಮ್ಸ್ ಪಟ್ಟಣದ ಶಾಲೆಯೊಂದರಲ್ಲಿ ಜರ್ಮನಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿತು. ಅಲ್ಲಿದ್ದ 17 ಮಂದಿ ಪತ್ರಕರ್ತರಲ್ಲಿ ಎಪಿಯ ಎಡ್ವರ್ಡ್ ಕೆನಡಿ ಒಬ್ಬರು. ಅನುಮತಿ ಬರುವವರೆಗೆ ಸುದ್ದಿ ಕಳಿಸಬಾರದೆಂದು ಸೇನೆ ಎಲ್ಲರಿಂದಲೂ ಮಾತು ಪಡೆದಿತ್ತು. ತಡೆಗೆ ಕಾರಣ ಸೈನಿಕರ ಸುರಕ್ಷತೆಯಲ್ಲ, ರಷ್ಯದ ಸ್ಟಾಲಿನ್ ಬರ್ಲಿನ್‌ನಲ್ಲಿ ಇನ್ನೊಂದು ಸಹಿ ಸಮಾರಂಭ ಬಯಸಿದ್ದು. ಅಷ್ಟರಲ್ಲಿ ಜರ್ಮನ್ ರೇಡಿಯೊ ಸ್ವತಃ ಶರಣಾಗತಿಯನ್ನು ಸಾರಿಬಿಟ್ಟಿತು. ಇನ್ನು ಗುಟ್ಟೆಲ್ಲಿಯದು ಎಂದು ಕೆನಡಿ ಸೇನೆಯ ದೂರವಾಣಿಯಲ್ಲೇ ಲಂಡನ್ನಿನ ಎಪಿ ಕಚೇರಿಗೆ ಸುದ್ದಿ ಹೇಳಿದರು. ಅಧಿಕೃತ ಘೋಷಣೆಗೆ ಸುಮಾರು ಒಂದು ದಿನ ಮೊದಲೇ ಯುದ್ಧ ಮುಗಿದ ಸುದ್ದಿ ಜಗತ್ತಿಗೆ ತಿಳಿಯಿತು.

ಸಹೋದ್ಯೋಗಿ ಪತ್ರಕರ್ತರು ಕೊಟ್ಟ ಮಾತು ಮುರಿದನೆಂದು ಕೆನಡಿಯ ಮೇಲೆ ಹರಿಹಾಯ್ದರು. ಎಪಿ ಅಧ್ಯಕ್ಷರು ಬಹಿರಂಗವಾಗಿ ವಿಷಾದ ಸೂಚಿಸಿದರು. ಕೆನಡಿಯನ್ನು ಸ್ವದೇಶಕ್ಕೆ ಕರೆಸಿಕೊಂಡು, ಆಮೇಲೆ ಸದ್ದಿಲ್ಲದೆ ಕೆಲಸದಿಂದ ಬಿಡಿಸಲಾಯಿತು. ವಿಚಿತ್ರವೆಂದರೆ ಅದೇ ವರ್ಷದ ಆರಂಭದಲ್ಲಿ ಕೂಪರ್ ಭಾಷಣವೊಂದರಲ್ಲಿ ಹೊಸ ಮಾತೊಂದನ್ನು ಚಲಾವಣೆಗೆ ತಂದಿದ್ದರು: ಜನರ ತಿಳಿಯುವ ಹಕ್ಕು. ಪತ್ರಿಕಾ ಸ್ವಾತಂತ್ರ್ಯ ಪತ್ರಿಕೆಗಳ ಸೊತ್ತಲ್ಲ, ಓದುವ ಜನರದು ಎಂಬುದು ಅದರ ತಿರುಳು. ಆ ಮಾತನ್ನು ಅಕ್ಷರಶಃ ನಡೆಸಿದ ತಮ್ಮ ವರದಿಗಾರನ ಬೆನ್ನಿಗೆ ಅವರ ಸಂಸ್ಥೆ ನಿಲ್ಲಲಿಲ್ಲ. 2012ರಲ್ಲಿ ಎಪಿಯ ಅಂದಿನ ಮುಖ್ಯಸ್ಥ ಟಾಮ್ ಕರ್ಲಿ ಈ ತಪ್ಪಿಗೆ ಕ್ಷಮೆ ಕೋರಿದರು. ಕೆನಡಿ ತೀರಿಕೊಂಡು ಆಗಲೇ 48 ವರ್ಷಗಳಾಗಿದ್ದವು.

ಭಾರತಕ್ಕೆ ಬಂದ ಪ್ರಶ್ನೆ

ಕೂಪರ್ ನಿವೃತ್ತಿಯ ಹೊತ್ತಿಗೆ ಅವರ ಪ್ರಶ್ನೆಯನ್ನು ಭಾರತವೂ ಕೇಳುತ್ತಿತ್ತು. ಕೆ. ಸಿ. ರಾಯ್ ಕಟ್ಟಿದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾ ರಾಯಿಟರ್ ಕೈಸೇರಿತ್ತು. ಹೆಸರಿನ ಹೋಲಿಕೆ ಬಿಟ್ಟರೆ ಅಮೆರಿಕದ ಎಪಿಗೂ ಅದಕ್ಕೂ ನಂಟಿರಲಿಲ್ಲ. ಎಸ್. ಸದಾನಂದ ಅವರು 1920ರ ದಶಕದಲ್ಲಿ ಫ್ರೀ ಪ್ರೆಸ್ ಆಫ್ ಇಂಡಿಯಾ ಎಂಬ ಸ್ವತಂತ್ರ ಸುದ್ದಿ ಸಂಸ್ಥೆ ಕಟ್ಟಿ, ಸರ್ಕಾರದ ಕಿರುಕುಳ ಮತ್ತು ಹಣದ ಅಡಚಣೆಗಳ ನಡುವೆ ನಡೆಸಲಾಗದೆ ನಿಲ್ಲಿಸಿದ್ದರು. ಕೊನೆಗೆ 1947ರ ಆಗಸ್ಟ್ 27ರಂದು ಮದರಾಸಿನಲ್ಲಿ ಪಿಟಿಐ ನೋಂದಣಿಯಾಯಿತು. ಎಪಿಯಂತೆಯೇ ಪತ್ರಿಕೆಗಳ ಒಡೆತನದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. 1949ರ ಫೆಬ್ರುವರಿ 1ರಿಂದ ಅದು ಸೇವೆ ಆರಂಭಿಸಿತು. ಮೊದಲು ರಾಯಿಟರ್‌ನ ಪಾಲುದಾರನಾಗಿದ್ದು, 1953ರಲ್ಲಿ ಆ ಪಾಲುದಾರಿಕೆಯಿಂದ ಹೊರಬಂದಿತು.

1976ರಲ್ಲಿ ಅಲಿಪ್ತ ದೇಶಗಳು ತಮ್ಮ ಸುದ್ದಿ ಸಂಸ್ಥೆಗಳ ಒಕ್ಕೂಟಕ್ಕೆ ದೆಹಲಿಯಲ್ಲಿ ರೂಪ ಕೊಟ್ಟವು. ನಮ್ಮ ಬಗ್ಗೆ ಕ್ಷಾಮ, ಕ್ಷಿಪ್ರಕ್ರಾಂತಿಗಳನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ ಎಂಬುದು ಅವುಗಳ ದೂರು. ದೂರಿನಲ್ಲಿದ್ದ ಹೆಸರುಗಳಲ್ಲಿ ಎಪಿಯೂ ಒಂದು! ನಲವತ್ತು ವರ್ಷಗಳ ಹಿಂದೆ ಕೂಪರ್ ರಾಯಿಟರ್ ವಿರುದ್ಧ ಹೂಡಿದ್ದ ವಾದವನ್ನೇ ಅವರ ಸಂಸ್ಥೆಯ ವಿರುದ್ಧ ಎತ್ತಿ ತೋರಿಸುವಂತಾಯಿತು. ಆದರೆ ಅದೇ 1976ರಲ್ಲಿ ತುರ್ತು ಪರಿಸ್ಥಿತಿಯ ಭಾರತ, ಪಿಟಿಐ, ಯುಎನ್‌ಐ, ಹಿಂದೂಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ಎಂಬ ನಾಲ್ಕೂ ಸಂಸ್ಥೆಗಳನ್ನು ಒತ್ತಾಯದಿಂದ ಒಂದುಗೂಡಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಿತ್ತು. ಅವು ಮತ್ತೆ ಬಿಡಿಬಿಡಿಯಾದದ್ದು 1978ರಲ್ಲಿ. ಜಪಾನಿನಲ್ಲಿ ನಡೆದದ್ದು ಬೇರೆ ರೂಪದಲ್ಲಿ ಇಲ್ಲೂ ನಡೆಯಿತು. ಪರರ ಬೇಲಿಯನ್ನು ದೂರುವುದು ಸುಲಭ. ತನ್ನ ಬೇಲಿ ಎಲ್ಲರಿಗೂ ರಕ್ಷಣೆಯಂತೆ ಕಾಣುತ್ತದೆ.

ಕೆಂಟ್ ಕೂಪರ್ 1965ರ ಜನವರಿ 31ರಂದು ತೀರಿಕೊಂಡರು. ಅವರು ಹೂಡಿದ ಹೋರಾಟದಲ್ಲಿ ವ್ಯಾಪಾರ ಎಷ್ಟು, ತತ್ವ ಎಷ್ಟು ಎಂದು ತೂಗುವುದು ಕಷ್ಟ. ಎರಡೂ ಹಾಲು ನೀರಿನಂತೆ ಬೆರೆತಿದ್ದವು. ಆದರೆ ಒಮ್ಮೆ ಬಾಯಿಂದ ಹೊರಬಿದ್ದ ತತ್ವ ಆಡಿದವರ ಅಂಕೆಯಲ್ಲಿ ಉಳಿಯುವುದಿಲ್ಲ. ತಿಳಿಯುವ ಹಕ್ಕು ಎಂಬ ಮಾತನ್ನು ಮುಂದೆ ನ್ಯಾಯಾಲಯಗಳೂ ಚಳವಳಿಗಳೂ ಎತ್ತಿಕೊಂಡವು; ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯ ಹಿಂದಿರುವುದೂ ಅದೇ ಬಗೆಯ ಆಶಯ. ಸುದ್ದಿ ಈಗ ತಂತಿಯ ಬದಲು ಅಂಗೈಯ ಪರದೆಗೆ ಬರುತ್ತದೆ; ಯಾವುದು ಕಾಣಬೇಕು, ಯಾವುದು ಬೇಡ ಎಂದು ಆರಿಸುವವರು ಬೆರಳೆಣಿಕೆಯ ಹೊಸ ಕಂಪನಿಗಳು. ಊರಿನ ಹೆಸರಿನ ಪಕ್ಕದ ಆ ಪುಟ್ಟ ಹೆಸರನ್ನು ಓದಿ, ಇದನ್ನು ನಮಗೆ ಹೇಳುತ್ತಿರುವವರು ಯಾರು ಎಂದು ಕೇಳುವ ಅಭ್ಯಾಸ ಇಂದಿಗೂ ಹಳತಾಗಿಲ್ಲ.